ನಾವೊಕಿಯ ಬಾಟಲಿ

ಒಡತಿ ಸಾಯೊ ಆ ಬಾಟಲಿಯನ್ನು ಮತ್ತೆ ಒರೆಸುತ್ತಿದ್ದಳು. ಚಿಜುರು ಕಣ್ಣಂಚಿನಲ್ಲೇ ಅದನ್ನು ಗಮನಿಸಿದಳು.

ಬಾಟಲಿಯ ಕೊರಳಿಗೆ ಕಟ್ಟಿದ ಚೀಟಿಯಲ್ಲಿ ಚಿಜುರುವಿನ ತಮ್ಮ ನಾವೊಕಿಯ ಹೆಸರಿತ್ತು. ಅವನು ಕೊಂಡು ಇಲ್ಲೇ ಇಟ್ಟುಹೋದ, ಅರ್ಧ ಉಳಿದ ಗೆಣಸಿನ ಮದ್ಯ, ಷೋಚು. ಕೊಕುರಾ ನಿಲ್ದಾಣದ ಹಿಂದಿನ ಓಣಿಯ ಈ ಪುಟ್ಟ ಇಜಕಾಯ ಹೆಂಡದಂಗಡಿಯಿಂದ, ಮಳೆಗಾಲದ ಒಂದು ಸಂಜೆ, ನಾಳೆ ಬರುವೆನೆಂದು ಎದ್ದುಹೋದವನು ಮನೆ ತಲುಪಿರಲಿಲ್ಲ. ಈಗ ಓಣಿಯಲ್ಲಿ ಚಳಿಗಾಳಿ. ಠಾಣೆ, ಆಸ್ಪತ್ರೆ, ಬಂದರು ಅಲೆದು ಅವಳ ಕಾಲುಗಳು ಸೋತಿದ್ದವು. ಕೇಳಬೇಕಾದ ಪ್ರಶ್ನೆಗಳೂ ಸವೆದುಹೋಗಿದ್ದವು.

"ನೋಡಿದ್ರಾ ಅಕ್ಕ?" ಎದುರಿಗೆ ಕುಳಿತ ಯಾಸುನಾಗಾ ಪಿಸುಗುಟ್ಟಿದ. ಹಡಗು ಕಟ್ಟುವ ಕಾರ್ಖಾನೆಯಲ್ಲಿ ನಾವೊಕಿಯ ಜೊತೆ ಬೆಸುಗೆ ಹಾಕುತ್ತಿದ್ದವನು. ಪ್ರತಿ ಅಲೆದಾಟದಲ್ಲೂ ಅವಳ ಹಿಂದೆ ನಡೆದವನು. "ಗಿರಾಕಿ ತುಂಬಾ ದಿನ ಬರದೇ ಇದ್ರೆ ಬಾಟ್ಲಿ ಚೆಲ್ಲಿಬಿಡ್ತಾಳೆ. ಇವನದ್ದು ಮಾತ್ರ ಇಟ್ಕೊಂಡಿದ್ದಾಳೆ. ಅವನು ಎಲ್ಲಿ ಅಡಗಿದ್ದಾನೆ ಅಂತ ಇವಳಿಗೆ ಗೊತ್ತು."

"ನಂಗೂ ಹಾಗೇ ಅನ್ಸುತ್ತೆ."

ಪಕ್ಕದ ಮೇಜಿಗೆ ಕರಿ ಟೈ ಕಟ್ಟಿದ ನಾಲ್ವರು ಬಂದು ಕುಳಿತರು. ಶವಸಂಸ್ಕಾರ ಮುಗಿಸಿ ಶುದ್ಧಿಗೆಂದು ಚಿಮುಕಿಸಿಕೊಂಡ ಉಪ್ಪು ಇನ್ನೂ ಅವರ ಭುಜದ ಮೇಲಿತ್ತು. ಬಿಯರ್ ಬಂದೊಡನೆ ದಡೂತಿಯೊಬ್ಬ ಲೋಟ ಮುಂದೆ ಚಾಚಿದ. ಹಿರಿಯರೊಬ್ಬರು ಅವನ ಮಣಿಕಟ್ಟು ಹಿಡಿದರು.

"ಗ್ಲಾಸ್ ತಾಗಿಸ್ತೀಯಲ್ಲೋ. ಮದುವೆ ಊಟ ಮುಗಿಸಿ ಬಂದಿದ್ದೀಯೇನು?"

ನಾಲ್ವರೂ ಲೋಟಗಳನ್ನು ಎದೆಮಟ್ಟದಲ್ಲೇ ತಡೆದು, ತಲೆ ತಗ್ಗಿಸಿ, ಸದ್ದಿಲ್ಲದೆ ಕುಡಿದರು.

ಯಾರೂ ಕೇಳದೆಯೇ ಸಾಯೊ ಚಿಜುರುವಿನ ಮುಂದೆ ಒಂದು ತಟ್ಟೆ ತಂದಿಟ್ಟಳು. ತವುಡಿನಲ್ಲಿ ಬೇಯಿಸಿದ ಬೂತಾಯಿ ಮೀನು. "ನಾವೊಕಿಗೆ ಇದಂದ್ರೆ ಪ್ರಾಣ. ತಲೆ ಸಮೇತ ತಿಂತಾನೆ, ಬೆಕ್ಕು ನಾಚ್ಕೋಬೇಕು."

ಚಿಜುರು ನಗಲಿಲ್ಲ. ಸಾಯೊ ಹೋದ ಮೇಲೆ ಹೇಳಿದಳು, "ಸಾಕಾಯ್ತು ಯಾಸುನಾಗಾ. ನಾಳೆ ಊರಿಗೆ ಹೊರಡ್ತೀನಿ. ಇನ್ನು ಹುಡುಕಲ್ಲ."

ಯಾಸುನಾಗಾನ ಭುಜಗಳು ಸಡಿಲಗೊಂಡವು. ಅವನೂ ಬಳಲಿದ್ದ. "ನಿಮ್ಮ ಕೈಲಾದದ್ದೆಲ್ಲ ಮಾಡಿದ್ರಿ ಅಕ್ಕ. ಯಾವ ಊರಲ್ಲಿ ಯಾರ ಜೊತೆ ಸಂಸಾರ ಹೂಡಿದ್ದಾನೋ. ಒಂದಿನ ತಾನಾಗೇ ಬರ್ತಾನೆ ಬಿಡಿ."

"ಹೋಗೋ ಮುಂಚೆ ಅವನ ಬಾಟ್ಲಿ ಖಾಲಿ ಮಾಡೋಣ."

ಬಾಟಲಿ ಕೇಳಿದಾಗ ಸಾಯೊ ಅದನ್ನು ಎದೆಗವಚಿಕೊಂಡಳು. "ಪೂರ್ತಿ ಬೇಡ. ಅವನು ಬಂದು ಕೇಳಿದ್ರೆ ಏನು ಹೇಳ್ಲಿ?"

ಕೊನೆಗೆ ಮೂರು ಲೋಟಗಳಿಗೆ ಸ್ವಲ್ಪ ಸ್ವಲ್ಪ ಸುರಿದಳು. ಮೂರನೆಯದನ್ನು ಖಾಲಿ ಕುರ್ಚಿಯ ಮುಂದಿಟ್ಟು, ಉಳಿದದ್ದನ್ನು ಮತ್ತೆ ಕಪಾಟಿಗೇರಿಸಿದಳು.

ಚಿಜುರು ಲೋಟ ಎತ್ತಿ ಮುಂದೆ ಚಾಚಿದಳು. "ಎಲ್ಲೇ ಇರ್ಲಿ, ನನ್ನ ತಮ್ಮ ಬೇಗ ಬರ್ಲಿ."

ಯಾಸುನಾಗಾ ಖಾಲಿ ಕುರ್ಚಿಯನ್ನೇ ನೋಡುತ್ತಿದ್ದ. ತನ್ನ ಲೋಟವನ್ನು ಎದೆಯವರೆಗೆ ಎತ್ತಿದ. ತಲೆ ತಗ್ಗಿಸಿದ. ಕಣ್ಣು ಮುಚ್ಚಿ ಕುಡಿದ.

ಚಿಜುರುವಿನ ಲೋಟ ಚಾಚಿದಲ್ಲೇ ನಿಂತಿತು. ಅದಕ್ಕೆ ಯಾವುದೂ ತಾಗಲಿಲ್ಲ.

ಪಕ್ಕದ ಮೇಜಿನ ಹಿರಿಯರಿಗೆ ಅವಳ ಮಾತು ಕೇಳಿಸಿರಲಿಲ್ಲ. ಅವರು ಕಂಡದ್ದು ಯಾಸುನಾಗಾನ ಕೈಯನ್ನು ಮಾತ್ರ. ಎದ್ದು ಬಂದು ಅವಳಿಗೆ ನಡುಬಗ್ಗಿಸಿದರು. "ನಿಮ್ಮ ಮನೇಲೂ ಸಾವಾಯ್ತೇನಮ್ಮ? ಯಾವಾಗ?"

"ನಂಗೊತ್ತಿಲ್ಲ ಅಜ್ಜ," ಚಿಜುರು ಯಾಸುನಾಗಾನ ಮುಖದಿಂದ ಕಣ್ಣು ಕೀಳದೆ ಹೇಳಿದಳು, "ಇವನನ್ನೇ ಕೇಳಿ."