ಮೊಂಡು ಪೆನ್ಸಿಲ್ಲಿನ ಚೀಟಿ

ಮೇಡಂ ಬಿಸ್ಕತ್ತಿನ ಡಬ್ಬಿಯ ತಳಕ್ಕೆ ಕೈ ಹಾಕಿ ಕೊನೆಯ ಚೀಟಿ ತೆಗೆದರು. ಕಂದು ಕಾಗದ. ಅಷ್ಟಕ್ಕೇ ಹಲ್ಲಿನ ಡಾಕ್ಟರ ಮುಖ ಕೆಂಪಾಯಿತು.

"ಓದ್ಲಾ, ಬೇಡ್ವಾ?"

"ಓದಿ ಮೇಡಂ. ಮಾನ ಹೋಗೋದಾದ್ರೆ ಎಲ್ಲರ ಮುಂದೇ ಹೋಗ್ಲಿ."

ಮೇಡಂ ಓದಿದರು: "ಎಡಗೈ ನುಡಿಸುತ್ತಿಲ್ಲ, ಒರಗಿಕೊಂಡಿದೆ. ಕಿರುಬೆರಳನ್ನು ಬಾಡಿಗೆಗೆ ತಂದಿದ್ದೀರಾ?"

ಕೋಣೆಯೆಲ್ಲ ನಕ್ಕಿತು. ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಡಾಕ್ಟರ ಹೆಂಡತಿ ಬೆಚ್ಚಿಬಿದ್ದು ಚಪ್ಪಾಳೆ ತಟ್ಟಿದಳು.

ತಿಂಗಳ ಮೊದಲ ಭಾನುವಾರ, ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ, ಹವ್ಯಾಸಕ್ಕೆ ಪಿಯಾನೋ ನುಡಿಸುವ ಹತ್ತು ಹನ್ನೆರಡು ಮಂದಿ ಸೇರುತ್ತಿದ್ದರು. ಹಳೆಯ ಶಾಸ್ತ್ರೀಯ ಕೃತಿಗಳನ್ನು ಒಬ್ಬೊಬ್ಬರಾಗಿ ಕೊಲ್ಲುತ್ತಿದ್ದರು. ಕೇಳಿದವರು, ಚೀಟಿ ಯಾರಿಗೆಂದು ಮೇಲೆ ಬರೆದು, ತಮ್ಮ ಹೆಸರು ಹಾಕದೆ, ತಪ್ಪು ಒಪ್ಪು ಗೀಚಿ ಬಾಗಿಲ ಬಳಿಯ ಡಬ್ಬಿಗೆ ಹಾಕಬೇಕು. ಕೊನೆಯಲ್ಲಿ ಗುಂಪು ನಡೆಸುವ ಮೇಡಂ ಗಟ್ಟಿಯಾಗಿ ಓದುತ್ತಾರೆ. ನಾಳೆ ತಮ್ಮ ಸರದಿಯೂ ಬರುತ್ತದಲ್ಲ, ಎಲ್ಲರೂ ಹುಷಾರಾಗಿ ಬರೆಯುತ್ತಿದ್ದರು. "ಕುಳಿತ ಭಂಗಿ ಸೊಗಸು." "ಬೇಗ ಮುಗಿಸಿದ್ದು ಮೆಚ್ಚುಗೆಯಾಯಿತು."

ಕಂದು ಚೀಟಿಯ ಮೊಂಡು ಪೆನ್ಸಿಲ್ಲಿಗೆ ಮಾತ್ರ ಆ ಹೆದರಿಕೆ ಇರಲಿಲ್ಲ. ದಪ್ಪಕ್ಷರ, ಕತ್ತರಿ ಹಾಕಿದ ನೇರ ಅಂಚು. ಎರಡು ವರ್ಷದಿಂದ ಬರೆದದ್ದೆಲ್ಲ ಡಾಕ್ಟರಿಗೇ. ಬೈದದ್ದೆಲ್ಲ ಎಡಗೈಗೇ.

ಡಾಕ್ಟರು ಯಾರ ಮಾತನ್ನೂ ಕೇಳುವ ಜಾತಿಯಲ್ಲ. ಒಂದು ಬೆಳಗ್ಗೆ ಎಡಗೈ ಮರಗಟ್ಟಿ, ಹಿಡಿದಿದ್ದ ಪುಟ್ಟ ಕನ್ನಡಿ ರೋಗಿಯ ಬಾಯೊಳಗೆ ಜಾರಿದಾಗ ಕ್ಲಿನಿಕ್ ಮುಚ್ಚಿದ್ದರು. ಹಿಸುಕುತ್ತಿರಿ, ಕೈ ಸರಿಹೋಗುತ್ತದೆ ಎಂದು ಆಸ್ಪತ್ರೆಯವರು ರಬ್ಬರ್ ಚೆಂಡು ಕೊಟ್ಟರು. "ನಾನೂ ಡಾಕ್ಟ್ರೇ ಕಣಯ್ಯಾ" ಎಂದು ಅದನ್ನು ಪಕ್ಕದ ಮನೆಯ ನಾಯಿಗೆ ಎಸೆದರು. ನಾಯಿಯ ಆರೋಗ್ಯ ಸುಧಾರಿಸಿತು. ಮನೆಯಲ್ಲಿ ಕೂತು ತಲೆ ತಿನ್ನುವ ಬದಲು ಹೋಗಿ ಎಂದು ಹೆಂಡತಿಯೇ ಈ ಗುಂಪಿಗೆ ತಂದು ಸೇರಿಸಿದ್ದಳು.

ಈಗ ಅವರಿಗೆ ಒಂದೇ ಹಟ. "ಆ ಪೆನ್ಸಿಲ್ ಕೈಯಿಂದ ಒಂದೇ ಒಂದು ಒಳ್ಳೇ ಮಾತು ಬರೆಸ್ದೆ ಬಿಟ್ರೆ ಕೇಳು!" ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ, ಕಿರುಬೆರಳು ಉರಿಯುವವರೆಗೆ ಪಿಯಾನೋ ಕುಟ್ಟಿದರು. ಪಕ್ಕದ ಮನೆಯವರು ಮೊದಲು ಕಿಟಕಿ ಮುಚ್ಚಿದರು. ಆಮೇಲೆ ನಾಯಿ, ಚೆಂಡು ಸಮೇತ ಮನೆಯನ್ನೇ ಬದಲಾಯಿಸಿದರು.

ಒಮ್ಮೆ ಡಾಕ್ಟರು ಸೇಡಿಗೆಂದೇ ಬಲಗೈಯೊಂದರಲ್ಲೇ ನುಡಿಸುವ ಕೃತಿ ಹುಡುಕಿ ತಂದರು. ಎಡಗೈ ತೊಡೆಯ ಮೇಲಿತ್ತು. ಆದರೂ ಕಂದು ಚೀಟಿ ಬಂತು: "ಎಡಗೈ ಇವತ್ತೂ ಎರಡು ಸ್ವರ ನುಂಗಿತು."

"ನುಡಿಸದ ಕೈ ಏನನ್ನ ನುಂಗುತ್ತೆ?" ಡಾಕ್ಟರ ಕೂಗಿಗೆ ಪಿಯಾನೋ ತಂತಿಗಳೂ ಗುಂಯ್‌ಗುಟ್ಟಿದವು. ಇದು ವಿಮರ್ಶೆಯಲ್ಲ, ಹಗೆ. ಕಂದು ಕಾಗದ ಯಾರಲ್ಲಿರುತ್ತದೆ? ಬ್ರೆಡ್ ಸುತ್ತಿಕೊಡುವ ಬೇಕರಿಯವನಲ್ಲಿ. ಅವನೂ ಗುಂಪಿನವನೇ. ಮರುದಿನವೇ ಅಂಗಡಿಗೆ ನುಗ್ಗಿದರು.

"ನಿಜ ಹೇಳಿಬಿಡಿ. ನೀವೇ ತಾನೇ?"

ಬೇಕರಿಯವನು ಕೈಯ ಹಿಟ್ಟು ಒರೆಸಿಕೊಂಡ. "ಡಾಕ್ಟ್ರೇ, ನಾನು ಬರೆದಿದ್ರೆ ನಿಮ್ಮ ಬಲಗೈನ ಸುಮ್ನೆ ಬಿಡ್ತಿದ್ನಾ? ಅದೂ ಏನ್ ಕಮ್ಮಿ ಇಲ್ಲ."

ಡಾಕ್ಟರು ಅದನ್ನೂ ಮನೆಗೆ ತಂದು ಹೆಂಡತಿಯ ಮುಂದೆ ಸುರಿದರು. ಅವಳು ಗುಂಡುಪಿನ್ನು ಕಚ್ಚಿಕೊಂಡು ಗಿರಾಕಿಯ ಕೋಟು ಹೊಲಿಯುತ್ತಿದ್ದಳು. ಹೊಲಿಗೆಯ ಮೇಜಿನ ಕಡೆ ಡಾಕ್ಟರು ಯಾವತ್ತೂ ಕಣ್ಣು ಹಾಯಿಸಿದವರಲ್ಲ.

"ನಂಗೇನ್ರೀ ಗೊತ್ತಾಗುತ್ತೆ ಅದೆಲ್ಲ? ನಂಗೆ ಎಲ್ಲಾ ಒಂದೇ ಥರ ಕೇಳ್ಸುತ್ತೆ" ಎಂದಳು.

ಮುಂದಿನ ತಿಂಗಳ ಮೊದಲ ಭಾನುವಾರ. ಡಾಕ್ಟರು ಕನ್ನಡಿಯ ಮುಂದೆ ನಿಂತು ಬೇಕರಿಯವನ ವಂಶವನ್ನೆಲ್ಲ ಬೈಯುತ್ತ ಅಂಗಿ ತೊಡುತ್ತಿದ್ದರು. ಎಡಗೈಗೆ ಆಗದ ಬಲತೋಳಿನ ಗುಂಡಿ ಹಾಕಲು ಎಂದಿನಂತೆ ಹೆಂಡತಿ ಬಂದಳು. ಗುಂಡಿ ಆಗಲೇ ಹಾಕಿತ್ತು.

"ಯಾರ್ರೀ ಹಾಕಿದ್ದು?"

"ಏನನ್ನ?"

ಅವಳು ತೋಳನ್ನೇ ನೋಡಿದಳು. "ಏನಿಲ್ಲ. ನೀವು ನಡೀತಿರಿ, ಬೀಗ ಹಾಕ್ಕೊಂಡು ಬಂದೆ."

ಆ ದಿನ ಡಾಕ್ಟರ ಬಲಗೈ ಎಂದಿನಂತೆ ಮೂರು ಕಡೆ ಮುಗ್ಗರಿಸಿತು. ಹೆಂಡತಿ ಎಂದಿನಂತೆ ಕೃತಿ ಮುಗಿಯುವ ಮೊದಲೇ ಚಪ್ಪಾಳೆ ತಟ್ಟಿದಳು. ಎಂದಿನಂತೆ ಕಂದು ಚೀಟಿ ಡಬ್ಬಿಯ ತಳದಲ್ಲಿತ್ತು.

ಮೇಡಂ ಎರಡು ಸಲ ಮನಸ್ಸಿನಲ್ಲೇ ಓದಿಕೊಂಡು ಬಾಯಿ ಬಿಟ್ಟರು: "ಎಡಗೈ ಗೆದ್ದಿತು. ನನಗಿನ್ನು ಇಲ್ಲಿ ಕೆಲಸವಿಲ್ಲ."

ಡಾಕ್ಟರು ಎದ್ದು ಹೋಗಿ ಬೇಕರಿಯವನನ್ನು ಬಾಚಿ ತಬ್ಬಿಕೊಂಡರು. "ದೊಡ್ಡ ಮನಸ್ಸಯ್ಯಾ ನಿಂದು!" ಬೇಕರಿಯವನಿಗೆ ತಲೆಬುಡ ತಿಳಿಯಲಿಲ್ಲ. ಬಂದ ಹೊಗಳಿಕೆಯನ್ನು ಬಿಡುವುದೇಕೆಂದು ತಲೆ ಬಾಗಿಸಿದ.

ಮನೆಗೆ ಬಂದ ಹೆಂಡತಿ, ಬಟ್ಟೆಯ ಅಳತೆ ಕತ್ತರಿಸುವ ಕಂದು ಕಾಗದವನ್ನು ಹೊಲಿಗೆಯ ಮೇಜಿನ ಮೇಲೆ ಹರಡಿ, ಎರಡು ವರ್ಷದಲ್ಲಿ ಮೊದಲ ಸಲ ಪೆನ್ಸಿಲ್ಲಿಗೆ ಮೊನೆ ಮಾಡಿದಳು.