ಎಂಟು ಸೀಸೆ ಮದ್ದು

"ಎಂಟು ಸೀಸೆ ಹಾಕು ಅಂದಿದ್ದೆ. ಇವಳು ಹಾಕಿದ್ದು ಎರಡು. ಇದು ಕೊಲೆ!"

ಡಾಕ್ಟರ್ ಫೆಂಗ್ ಮೇಜು ಗುದ್ದಿದ. ಚೀನಾದ ವೈದ್ಯ ತಂಡದ ಜತೆ ಟಾಂಜಾನಿಯಾಕ್ಕೆ ಬಂದು ಮೂರೇ ವಾರ. ಅವನ ಮಾತನ್ನು ಚೀನಾದವಳೇ ಆದ ದುಭಾಷಿ ತಗ್ಗಿದ ದನಿಯಲ್ಲಿ ಸ್ವಾಹಿಲಿಗೆ ತಿರುಗಿಸಿದಳು. ಎದುರು ನರ್ಸ್ ಮ್ವಾಜುಮಾ ನಿಂತಿದ್ದಳು. ಹದಿನಾರು ವರ್ಷದ ನೌಕರಿ. ಅದು ಉಳಿಯುವುದೋ ಹೋಗುವುದೋ, ಮುಖ್ಯ ವೈದ್ಯ ಮ್ಬೇಗಾ ಇವತ್ತೇ ಹೇಳಬೇಕಿತ್ತು.

ಸತ್ತವನು ದನಗಾಹಿ ಲೆಮಾಲಿ. ಹಾವು ಕಚ್ಚಿ, ಕಾಲು ಊದಿಸಿಕೊಂಡು ಬಂದಿದ್ದ. ವಿಷಕ್ಕೆ ಹೊಸದಾಗಿ ಬಂದ ಮದ್ದು. ಪ್ರಮಾಣ ಫೆಂಗ್‌ಗೊಬ್ಬನಿಗೇ ಗೊತ್ತು. ಲೆಮಾಲಿಯ ಉಸಿರು ನಿಂತಾಗಲೂ ಆರು ಸೀಸೆ ಪೆಟ್ಟಿಗೆಯಲ್ಲಿ ತಣ್ಣಗೆ ಕೂತಿದ್ದವು. ಕಾರಣ ಹುಡುಕಲು ಊರಿಗೆ ಕಷ್ಟವಾಗಲಿಲ್ಲ. ಹೋದ ತಿಂಗಳು ಮ್ವಾಜುಮಾಳ ಅಣ್ಣನ ಮೆಕ್ಕೆಜೋಳ ಮೇಯ್ದು ಮುಗಿಸಿದ್ದು ಇದೇ ಲೆಮಾಲಿಯ ಮಂದೆ. ಇನ್ನೇನು ಬೇಕು ಊರ ಬಾಯಿಗೆ?

"ಬಾಯಲ್ಲಿ ಹೇಳಿದ್ರಾ?" ಮ್ಬೇಗಾ ಕೇಳಿದರು.

"ಹೇಗೆ ಹೇಳ್ಲಿ? ಅವತ್ತು ದುಭಾಷಿಗೆ ಜ್ವರ. ನಾನು ಹೆರಿಗೆ ಆಪರೇಷನ್‌ನಲ್ಲಿದ್ದೆ, ಎಡಗೈಲಿ ರಕ್ತ ಬರೋ ಜಾಗ ಒತ್ತಿ ಹಿಡಿದಿದ್ದೆ. ಇವಳು ಗಾಜಿನಾಚೆಯಿಂದ ಸೀಸೆ ತೋರಿಸಿ ಎಷ್ಟು ಅಂತ ಸನ್ನೆ ಮಾಡಿದ್ಲು. ಬಲಗೈ ಎತ್ತಿ ಎಂಟು ಅಂತ ತೋರಿಸ್ದೆ. ತಲೆ ಬೇರೆ ಆಡಿಸಿದ್ಲು!" ಫೆಂಗ್ ಏದುಸಿರು ಬಿಟ್ಟ. "ಮೊನ್ನೆ ಸಂತೇಲೂ ಇದೇ ಕಥೆ. ಎಂಟು ಮಾವಿನಹಣ್ಣು ಕೇಳಿದ್ರೆ ಎರಡು ಕೈಗಿಟ್ಟು ಹಲ್ಲು ಕಿರಿದ್ಲು ಒಬ್ಬ ಮುದುಕಿ. ಇಲ್ಲಿಯವರ ಬುದ್ಧಿನೇ ಇಷ್ಟು!"

ಕೊನೆಯ ಮಾತನ್ನು ದುಭಾಷಿ ನುಂಗಿಕೊಂಡಳು.

"ಏನಮ್ಮಾ ಮ್ವಾಜುಮಾ?"

"ಅಣ್ಣನ ಬೆಳೆ ಹೋದಾಗ ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಇವರು ಎಷ್ಟು ಅಂದ್ರೋ ಅಷ್ಟೂ ಹಾಕಿದೀನಿ, ದೊಡ್ಡ ಡಾಕ್ಟ್ರೇ. ಅವನ ಹೆಂಡ್ತಿ ಬಾಗಿಲಲ್ಲೇ ಕೂತಿದ್ಲು. ನಾನೂ ಮನುಷ್ಯಳೇ ಅಲ್ವಾ?"

"ಅವರು ಎಷ್ಟು ಅಂದ್ರು? ಹೇಳ್ಬೇಡ, ತೋರಿಸು."

ಮ್ವಾಜುಮಾ ಬಲಗೈ ಎತ್ತಿದಳು. ಮೂರು ಬೆರಳು ಮಡಿಚಿ, ಹೆಬ್ಬೆರಳನ್ನೂ ತೋರುಬೆರಳನ್ನೂ ಚಾಚಿದಳು.

"ಎರಡು," ಎಂದರು ಮ್ಬೇಗಾ.

ಅದನ್ನು ಫೆಂಗ್‌ಗೆ ತಿಳಿಸಲು ಬಾಯಿ ತೆರೆದ ದುಭಾಷಿ ಆ ಕೈ ನೋಡಿ ಥಟ್ಟನೆ ಫೆಂಗ್‌ನತ್ತ ತಿರುಗಿದಳು. ಫೆಂಗ್ ಆಗಲೇ ಕುರ್ಚಿಗೆ ಕುಸಿದಿದ್ದ.

ಅವನ ಊರಿನಲ್ಲಿ ಎಳೆ ಮಕ್ಕಳು ಕೂಡ ಆ ಎರಡು ಬೆರಳು ಚಾಚಿ ಹೇಳುವುದು: ಎಂಟು.