ಸೈಕಲ್ಲಿನ ಬಣ್ಣ

ಲೇತಿನಲ್ಲಿ ತಿರುಗುತ್ತಿದ್ದ ಪುಟ್ಟ ಮರದ ಚಕ್ರಕ್ಕೆ ಬಣ್ಣದ ಅರಗಿನ ಕಡ್ಡಿ ತಾಗಿಸಬೇಕು ಎನ್ನುವಷ್ಟರಲ್ಲಿ ಚೈತ್ರಾಳ ಕೈ ನಿಂತಿತು.

"ಅಕ್ಕ, ಬಹುಮಾನಕ್ಕೆ ಮಾಡೋ ಮರದ ಸೈಕಲ್ಲು ಮುನೇಶನ ಸೈಕಲ್ ಬಣ್ಣದಲ್ಲೇ ಇರ್ಲಿ ಅಂತಾವ್ರೆ ಹುಡುಗ್ರು," ಎಂದು ಹೇಳಿ ಮುನೇಶನ ಗೆಳೆಯ ಕೆಂಪರಾಜು ಆಗಷ್ಟೇ ಹೊರಟುಹೋಗಿದ್ದ. ರಾಮನಗರದ ಬೆಟ್ಟದ ಇಳಿಜಾರಿನಲ್ಲಿ ಅವಳ ತಮ್ಮ ಮುನೇಶ ಸೈಕಲ್ಲಿನಿಂದ ಬಿದ್ದು ತೀರಿಕೊಂಡು ಎಂಟು ತಿಂಗಳಾಗಿತ್ತು. ಈ ಭಾನುವಾರ ಅದೇ ಹಾದಿಯಲ್ಲಿ ಅವನ ಹೆಸರಿನ ರೇಸು.

ಯಾವ ಬಣ್ಣ? ದಿನವಿಡೀ ಬಣ್ಣದಲ್ಲೇ ಕೈಯಾಡಿಸುವವಳಿಗೆ ನೆನಪಾಗಲಿಲ್ಲ. ಆ ಸೈಕಲ್ಲು ಮನೆಗೆ ಬರುವಾಗಲೆಲ್ಲ ಮೈತುಂಬ ಕೆಮ್ಮಣ್ಣು ಮೆತ್ತಿಕೊಂಡೇ ಬರುತ್ತಿತ್ತು. ಈಗಲಾದರೂ ಅಳು ಬರಬೇಕಿತ್ತು; ಅದೂ ಬರಲಿಲ್ಲ. ಅಪ್ಪನನ್ನು ಕೇಳುವಂತಿರಲಿಲ್ಲ. ತಿಥಿ ಮುಗಿದ ಮೇಲೆ ಮುನಿಶಾಮಯ್ಯ ಮಗನ ಹೆಸರನ್ನೇ ಎತ್ತಿರಲಿಲ್ಲ. ಯಾವುದಾದರೇನು ಎಂದು ಅವಳು ಕೈಗೆ ಸಿಕ್ಕ ಕೆಂಪು ಕಡ್ಡಿಯನ್ನೇ ಚಕ್ರದತ್ತ ಒಯ್ದಳು.

ಪಕ್ಕದ ಲೇತಿನ ಸದ್ದು ನಿಂತಿತು. ಮುನಿಶಾಮಯ್ಯ ಅವಳ ಕೈಯಿಂದ ಕೆಂಪು ಕಡ್ಡಿ ತೆಗೆದುಕೊಂಡು ಬೇರೊಂದನ್ನು ಇಟ್ಟ.

"ಹಸ್ರು ಕಣವ್ವ," ಎಂದ, ಮುಖ ನೋಡದೆ. "ಹಳೇ ಸೈಕಲ್ಲೇ ಸಾಕು ಕಣಪ್ಪ ಅಂದಿದ್ದ ಅವ್ನು. ಹೊಸ್ದನ್ನ ನಾನೇ ಆರ್ಸಿ ಕೊಡ್ಸ್ದೆ."